ಅಕ್ಕಿಯಲ್ಲಿ ಬರೆದ ಹೆಸರು

ಬನಶಂಕರಿಯನ್ನು ನಂಬಿದ ಎಲ್ಲರಿಗೂ ನಮಸ್ಕಾರ. ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ದಿನಚರಿ ಬರೆಯುವ ಅಭ್ಯಾಸ ನನಗಿದೆ. ಆದರೆ ಆ ದಿನಗಳ ಹಾಳೆಗಳು ಖಾಲಿ ಇವೆ.

ಯುದ್ಧ ನಡೆದಿದ್ದ ಕಾಲ, ಶ್ರಾವಣ ಮಾಸ. ನನ್ನ ಯಜಮಾನರು ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಇನ್ನೊಬ್ಬಳೊಂದಿಗೆ ಸಂಸಾರ ಹೂಡಿದ್ದರು. ನಾನು ನಾಲ್ಕು ವರ್ಷದ ಮಗಳು ಶಾಂತಿಯನ್ನು ಕರೆದುಕೊಂಡು ಅದೇ ಊರಿನ ಸದಾಶಿವ ಪೇಟೆಯ ಅಣ್ಣನ ಮನೆಗೆ ಬಂದಿದ್ದೆ. ಬಿ.ಎ. ಆಗಿದ್ದರಿಂದ ಹುಡುಗಿಯರ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಒಂದು ಮುಂಜಾನೆ ಶಾಂತಿಗೆ ಜಡೆ ಹಾಕುತ್ತಿದ್ದಾಗ ಕೋರ್ಟಿನ ಬೇಲೀಫ ಬಂದು ಹುಕುಂ ಓದಿದ: ಎಂಟು ದಿನದೊಳಗೆ ಮಗುವನ್ನು ತಂದೆಗೆ ಒಪ್ಪಿಸಬೇಕು.

"ನನ್ನನ್ನು ಯಾರೂ ಕೋರ್ಟಿಗೆ ಕರೆಯಲೇ ಇಲ್ಲವಲ್ಲ!" ಎಂದೆ.

"ನೋಟೀಸು ತಂದಿದ್ದೆ ಬಾಯಿ," ಅಂದ ಅವನು ಮರಾಠಿಯಲ್ಲಿ. "ರುಕ್ಮಿಣಿ ಅನ್ನುವವರು ಇಲ್ಲಿಲ್ಲ ಅಂತ ಈ ಸಾಹೇಬರೇ ತಿರುಗಿ ಕಳಿಸಿದರು."

ಅವನ ಕಣ್ಣು ಅಣ್ಣನ ಮೇಲಿತ್ತು. ಅರ್ಧ ಹೆಣೆದ ಜಡೆ ನನ್ನ ಕೈಯಿಂದ ಜಾರಿತು.

ತವರಿನಲ್ಲಿ ನಾನು ಕಮಲಾ. ರುಕ್ಮಿಣಿ ಎಂಬುದು ಗಂಡನ ಮನೆಯವರು ಮದುವೆಯ ದಿನ ಇಟ್ಟ ಹೆಸರು. ತಟ್ಟೆಯ ಅಕ್ಕಿಯಲ್ಲಿ ಮದುಮಗ ಉಂಗುರದಿಂದ ಬರೆಯುವ ಹೆಸರದು.

"ಆ ಹೆಸರು ನನಗ ಹೊಳೀಲೇ ಇಲ್ಲ ನೋಡವಾ," ಅಂದ ಅಣ್ಣ.

ಮನೆಯವರು ನೋಟೀಸು ಬೇಡವೆಂದದ್ದನ್ನು ಕೋರ್ಟು ನನಗೇ ಮುಟ್ಟಿದಂತೆ ಎಣಿಸಿತ್ತು. ಅದೇ ದಿನ ಧಾರವಾಡದ ಕಡೆಯ ಒಬ್ಬ ವಕೀಲರ ಬಳಿ ಓಡಿದೆ.

"ನೀವಿಲ್ಲದಾಗ ಆದ ಹುಕುಂ, ರದ್ದು ಮಾಡಸಬಹುದ್ರಿ," ಅಂದರು. "ಆದರ ನೀವು ಬೇಕಂತ ತಪ್ಪಿಸಿಕೊಂಡಿಲ್ಲ ಅಂತ ಹೇಳಾವ್ರು ಬೇಕು. ಅಣ್ಣನ ಮಾತು ಭಾಳ ನಡಿಯೂದಿಲ್ರಿ."

ಬೇರೆ ಯಾರಿದ್ದರು? ಹೆಸರಿಡಿಸಿದ ಭಟ್ಟರು ತೀರಿಹೋಗಿದ್ದರು. ಶುಕ್ರವಾರ ಬನಶಂಕರಿಯ ಪಟದ ಮುಂದೆ ಕೂತೆ. ಮಂತ್ರ ಬರಲಿಲ್ಲ. "ತಾಯಿ, ಕೂಸನ್ನ ಬಿಡಸಬ್ಯಾಡ" ಎಂಬುದೊಂದೇ ಬಾಯಿಗೆ ಬಂತು.

ವಿಚಾರಣೆಯ ದಿನ ಅಣ್ಣ ಕಟಕಟೆಯಲ್ಲಿ ನಿಂತು, ಆ ಹೆಸರು ಹೊಳೆಯಲಿಲ್ಲ ಎಂಬುದನ್ನೇ ಹೇಳಿದ. ಎದುರು ವಕೀಲರು ನಕ್ಕರು: "ಒಡಹುಟ್ಟಿದವಳ ಹೆಸರು ಗೊತ್ತಿಲ್ಲವಂತೆ! ಯಾರು ನಂಬುತ್ತಾರೆ?"

"ನಾ ನಂಬತೀನ್ರಿ!"

ಹಿಂದಿನಿಂದ ಬಂದ ಧ್ವನಿ ನನ್ನ ಅತ್ತೆಯವರದು. ನಾನು ಮನೆ ಬಿಟ್ಟಂದಿನಿಂದ ಅವರು ನನ್ನ ಮುಖ ನೋಡಿರಲಿಲ್ಲ. ನಮ್ಮ ವಕೀಲರು ಕೂಡಲೇ ಅವರನ್ನು ಸಾಕ್ಷಿಗೆ ಕರೆದರು.

"ಆ ಹೆಸರು ಇಟ್ಟಾಕಿ ನಾನು," ಅಂದರು. "ಅಕ್ಕಿಯೊಳಗ ಬರಸೂ ಮುಂದ ಇವರ ಮನಿ ಗಂಡಸರೆಲ್ಲ ಊಟಾ ಬಡಸಲಿಕ್ಕೆ ಹೋಗಿದ್ರು. ಇವತ್ತಿಗೂ ಕಮಲೀ, ಕಮಲೀ ಅಂತನ ಒದರತಾರ. ನಾ ಇಟ್ಟ ಹೆಸರಿಗೆ ಕಿಮ್ಮತ್ತ ಇಲ್ಲೇನು ಅಂತ ನನಗ ಸಿಟ್ಟು. ಎದುರಿಗೆ ನನ್ನ ಮಗಾನ ಕೂತಾನ್ರಿ. ಆದರೂ ಇದ್ದದ್ದು ಇದ್ಹಂಗ ಹೇಳಬೇಕಲ್ಲ?"

ನ್ಯಾಯಾಧೀಶ ಸಾಹೇಬರು ಹುಕುಂ ರದ್ದು ಮಾಡಿದರು. ಮರುವಿಚಾರಣೆಯಲ್ಲಿ ಯಜಮಾನರ ಕ್ಯಾಂಪಿನ ಸಂಸಾರದ ವಿಷಯವೂ ಬಂತು. ಮಗು ಚಿಕ್ಕದು, ತಾಯಿಯ ಬಳಿಯೇ ಇರಲಿ, ತಂದೆ ಭಾನುವಾರ ಬಂದು ನೋಡಲಿ ಎಂದಾಯಿತು.

ಹೊರಗೆ ಅತ್ತೆಯವರ ಕಾಲು ಮುಟ್ಟಿ, "ಯಾರು ಹೇಳಿ ಕಳಿಸಿದ್ರು?" ಎಂದು ಕೇಳಿದೆ.

"ಯಾರು ಹೇಳಬೇಕು? ತಾರೀಖು ಮಗನ ಬಾಯಾಗ ಕೇಳಿದ್ದೆ. ಶುಕ್ರವಾರ ದೇವೀ ಮುಂದ ಕೂತರ ಕೂಸಿನ ಮಾರೀನ ಕಣ್ಣಿಗೆ ಕಟ್ಟಿತು. ಮನಸ್ಸು ತಡೀಲಿಲ್ಲ."

ಅದೇ ಶುಕ್ರವಾರ. ಇದರಲ್ಲಿ ನನ್ನ ನೆನಪು ತಪ್ಪಿಲ್ಲ.

ನವರಾತ್ರಿಯಲ್ಲಿ ದೇವಿಗೆ ಉಡಿ ತುಂಬಲು ರವಿಕೆಯ ಖಣ ಹುಡುಕುತ್ತ ಟ್ರಂಕು ತೆಗೆದೆ. ತಳದಲ್ಲಿ ಹಳೆಯ ಪತ್ರಗಳ ಕಟ್ಟು ಇತ್ತು. ಅಣ್ಣ ಬೆಳಗಾವಿಯಲ್ಲಿದ್ದಾಗ ನನ್ನ ಗಂಡನ ಮನೆಗೆ ಬರೆದವು. ಒಳಗೆಲ್ಲ "ಚಿ. ಕಮಲಾಗೆ". ಪ್ರತಿ ಲಕೋಟೆಯ ಮೇಲೆ, ಅವನದೇ ದುಂಡು ಅಕ್ಷರದಲ್ಲಿ, "ಸೌ. ರುಕ್ಮಿಣಿಬಾಯಿ".

ಇವನ್ನೆಲ್ಲ ಒಡೆದು ಓದಿದವಳು ನಾನೇ. ನನಗೇಕೆ ನೆನಪಾಗಲಿಲ್ಲ? ಅಥವಾ ನೆನಪಾಗುವುದು ಬೇಡವಾಗಿತ್ತೆ? ಅತ್ತೆಯವರು ತಾವು ಕಂಡದ್ದನ್ನೇ ಹೇಳಿದ್ದರು. ಅಣ್ಣ?

ಶಾಂತಿ ಈಗ ನನ್ನ ಮಗ್ಗುಲಲ್ಲೇ ಮಲಗಿದ್ದಾಳೆ. ಅವಳನ್ನು ಉಳಿಸಿಕೊಟ್ಟವಳು ದೇವಿ. ಆ ನಂಬಿಕೆ ಇನ್ನು ಅಲುಗದು. ಆಕೆಯ ಪಾದಕ್ಕೆ ನನ್ನ ಕೋಟಿ ನಮಸ್ಕಾರ. ಆದರೆ ದೇವಿ ಮಗುವನ್ನು ಯಾರ ಕೈಯಿಂದ, ಗಂಡನದೋ ಅಣ್ಣನದೋ, ಬಿಡಿಸಿ ಕೊಟ್ಟಳೆಂಬುದು ನನಗೆ ತಿಳಿಯದು. ಅಡಿಕೆ ಕತ್ತರಿಸುತ್ತ ಕೂತಿದ್ದ ಅಣ್ಣನ ಮುಂದೆ ಒಂದು ಲಕೋಟೆ ಇಟ್ಟು ಕೇಳಿದೆ. ಅವನು ಅಡಕತ್ತರಿ ಕೆಳಗಿಟ್ಟು ಎದ್ದು ಹೋದ. ನಾನು ಕೇಳಿದ್ದು ಇಷ್ಟೇ:

"ಅಣ್ಣಾ, ಬೇಲೀಫ ನೋಟೀಸು ತಂದು ಆ ಹೆಸರು ಓದಿದಾಗ ನಿನಗ ಖರೇನ ಹೊಳೀಲಿಲ್ಲೇನು?"