ಎಸ್. ಬೇಗಂ ಹೆಸರಿನ ಆರು ಪುಸ್ತಕಗಳು

ಶಹಾಬಾದಿಗೆ ಬಂದ ಮೊದಲ ದಿನ ಬಾಡಿಗೆ ಮನೆ ಕೇಳಲು ಹೋದರೆ ಮನೆಯೊಡತಿ ಕಾಶಮ್ಮ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಅಡ್ಡಹೆಸರು ಕೇಳಿದರು. ನಮ್ಮ ನಂಜನಗೂಡಿನ ಕಡೆ ಅಡ್ಡಹೆಸರು ಎಂದರೆ ಗೇಲಿಗೆ ಇಟ್ಟದ್ದು. ಹಾಗಾಗಿ ನನಗೆ ಸಿಟ್ಟೇ ಬಂತು. ಇಲ್ಲಿ ಅದು ಮನೆತನದ ಹೆಸರು ಎಂದು ಆಮೇಲೆ ತಿಳಿಯಿತು. ನನಗೆ ಅಂಥದ್ದೇನೂ ಇಲ್ಲ, ಎನ್. ಸುಮಾ ಅಷ್ಟೇ, ಎನ್ ಅಂದರೆ ನಮ್ಮಪ್ಪ ನಾರಾಯಣಸ್ವಾಮಿ ಎಂದು ಬಿಡಿಸಿ ಹೇಳಿದೆ. "ಅಡ್ಡೆಸರಿಲ್ಲದ ಮಂದಿನೂ ಇರ್ತಾರೇನ್ರಿ?" ಎಂದು ಆಕೆ ನನ್ನ ಟ್ರಂಕು, ಹಾಸಿಗೆ, ಕಾಫಿ ಫಿಲ್ಟರುಗಳನ್ನೆಲ್ಲ ಒಮ್ಮೆ ನೋಡಿ, ಪಾಪ ಅನ್ನಿಸಿತೋ ಏನೋ, ಕೀಲಿಕೈ ಕೊಟ್ಟರು.

ಮನೆಯ ನೆಲ ಕಲ್ಲು, ಗೋಡೆ ಕಲ್ಲು, ಮಾಳಿಗೆಗೂ ಹಾಸುಗಲ್ಲು. ನೆಲದಡಿಯೆಲ್ಲ ಕಲ್ಲೇ ಇರುವ ಊರಿನಲ್ಲಿ ಇನ್ನೇನು ಹಾಸುತ್ತಾರೆ? ಏಪ್ರಿಲ್ ಮಧ್ಯಾಹ್ನ ಗೋಡೆಗೆ ಒರಗಿದರೆ ಬೆನ್ನು ಚುರುಗುಟ್ಟುತ್ತಿತ್ತು. ನಂಜನಗೂಡಿನಲ್ಲಿ ಕಪಿಲೆ ಹೊಳೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತವಳಿಗೆ ಇಲ್ಲಿ ಬೇಸಿಗೆಯ ಕಾಗಿಣಾ ನದಿ ತೋರಿಸಿದಾಗ, ನೀರೆಲ್ಲಿ ಎಂದು ಕೇಳಿ ನಗೆಪಾಟಲಾದೆ. ರೊಟ್ಟಿ, ಪುಂಡಿಪಲ್ಯ ಬೇಗ ಒಗ್ಗಿದವು. ಒಗ್ಗದೇ ಉಳಿದದ್ದು ಸಂಜೆ. ದೇವಸ್ಥಾನದ ಗಂಟೆಯ ಹೊತ್ತಿಗೆ ಅಕ್ಕ ರಸಬಾಳೆ ಸುಲಿದು ಅರ್ಧ ನನ್ನ ಕೈಗಿಡುತ್ತಿದ್ದ ಆ ಹೊತ್ತು ಇಲ್ಲಿ ಬರಿದೇ ಬಂದು ಹೋಗುತ್ತಿತ್ತು. ಎಷ್ಟೋ ಸಂಜೆ ನಾನು ಸುಮ್ಮನೆ ಅತ್ತಿದ್ದೇನೆ, ಅದನ್ನು ಮುಚ್ಚಿಡುವುದೇನಿದೆ?

ನಾನು ಬಂದದ್ದು ಎರಡು ಸಾವಿರದ ನಾಲ್ಕರಲ್ಲಿ, ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸಲು. ವರ್ಷ ತುಂಬುವ ಮೊದಲೇ ನಂಜನಗೂಡಿನ ಕಾಲೇಜಿನಿಂದ ಆದೇಶ ಬಂತು. ಒಂದು ಸೋಮವಾರ ಬೆಳಗ್ಗೆ ಹತ್ತಕ್ಕೆ ಹಾಜರಾಗಬೇಕು, ತಪ್ಪಿದರೆ ಕೆಲಸ ಪಟ್ಟಿಯಲ್ಲಿ ನನ್ನ ನಂತರದವರಿಗೆ. ಅಕ್ಕ ತನ್ನ ಬೀದಿಯಲ್ಲೇ ಮನೆ ನೋಡಿಟ್ಟಳು. ನನ್ನನ್ನು ಬಿಟ್ಟುಕೊಡಲು ಇಲ್ಲಿನ ಪ್ರಿನ್ಸಿಪಾಲರದು ಒಂದೇ ಷರತ್ತು: ಗ್ರಂಥಾಲಯದ ಲೆಕ್ಕ ಇಡಲು ನಾನು ಕಟ್ಟಿಕೊಟ್ಟ ಸರ್ವರ್ ನೆಟ್ಟಗೆ ನಡೆಯುತ್ತಿರಬೇಕು, ಪರೀಕ್ಷೆಯ ಹಾಲ್ ಟಿಕೆಟ್ ಕೊಡುವ ಮೊದಲು ಯಾರ ಬಳಿ ಯಾವ ಪುಸ್ತಕ ಉಳಿದಿದೆ ಎಂದು ಅದೇ ಹೇಳಬೇಕು. ನಾನು ಖುಷಿಯಲ್ಲಿ ಶನಿವಾರ ಸಂಜೆಯ ಬೆಂಗಳೂರು ಗಾಡಿಗೆ ವಾಡಿ ಜಂಕ್ಷನ್ನಿನಿಂದ ಟಿಕೆಟ್ ಮಾಡಿಸಿದೆ.

ಆ ಸರ್ವರಿನ ಸಂಗತಿ ಹೇಳಬೇಕು. ಗುಲ್ಬರ್ಗಾದಲ್ಲಿ ಕೊಂಡ ಒಂದು ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ ಅದು ಇತ್ತು. ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ಒಳಗಿನ ಬರಹ ಓದಿ ತಿದ್ದಿಕೊಳ್ಳಬಹುದಾದದ್ದು. ಎಂದೂ ನೋಡದ ಯಾವ್ಯಾವ ದೇಶದವರೋ ಸೇರಿ ಬರೆದಿದ್ದರು. ಪ್ರೋಗ್ರಾಂ ಬರೆಯುವುದು, ಓಡಿಸುವುದು, ತಪ್ಪು ಹುಡುಕುವುದು ಎಲ್ಲ ಒಂದೇ ಕಿಟಕಿಯೊಳಗೆ ನಡೆಯುವ ಡೆವಲಪ್‌ಮೆಂಟ್ ಎನ್ವಿರಾನ್‌ಮೆಂಟ್ ಎಂಬ ಸಾಧನವೂ ಅದರಲ್ಲೇ ಇತ್ತು. ಸರ್ವರನ್ನು ನಾನು ಅದರೊಳಗೇ ಓಡಿಸುತ್ತಿದ್ದೆ. ಹೊರಗೆ ತೆಗೆದರೆ ತನ್ನ ಕಡತಗಳು ಎಲ್ಲಿವೆ ಎಂದೇ ತಿಳಿಯದೆ ಮಲಗಿಬಿಡುತ್ತಿತ್ತು. ಹೊಸ ಊರಿನಲ್ಲಿ ನಾನು ಪಾಡುಪಟ್ಟಂತೆಯೇ ಎಂದು ನಗು ಬರುತ್ತಿತ್ತು.

ಗ್ರಂಥಾಲಯದ ಗುಮಾಸ್ತರು ಖಾಜಾಸಾಬರು. ಅರವತ್ತರ ಹತ್ತಿರ, ಪಕ್ಕದ ಊರು ಭಂಕೂರದವರು, ಸೈಕಲ್ಲಿನಲ್ಲಿ ಬರುವರು. ಅವರ ರಿಜಿಸ್ಟರಿನಲ್ಲಿ ವಿದ್ಯಾರ್ಥಿಗಳಿಗೆ ಸಂಖ್ಯೆಯೇ ಇರಲಿಲ್ಲ. ಹೆಸರು, ತಂದೆಯ ಹೆಸರು, ಊರು, ಗಲ್ಲಿ. ಉಳಿದದ್ದು ಅವರ ತಲೆಯಲ್ಲಿ. ಮೂಲ ತಂತ್ರಾಂಶ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೇಳುತ್ತಿತ್ತು. ಸಂಖ್ಯೆ ಯಾಕೆ, ಹೆಸರು ಸಾಲದೇ ಎಂದು ನಾನು ಜಾಣತನ ತೋರಿಸಿ ಆ ಭಾಗವನ್ನು ತಿದ್ದಿದೆ. ಮೊದಲ ಪದದ ಒಂದಕ್ಷರ, ಆಮೇಲೆ ಕೊನೆಯ ಪದ. ಎನ್. ಸುಮಾ ಇದ್ದ ಹಾಗೆ. ನನಗೆ ಹೆಸರು ಅಂದರೆ ಅದೇ ಆಗಿತ್ತು. ಇನ್ನು ರಿಜಿಸ್ಟರ್ ಬೇಡ ಎಂದು ಖಾಜಾಸಾಬರ ಕೈಯಿಂದ ಪೆನ್ನನ್ನೂ ಬಿಡಿಸಿದೆ.

ಶನಿವಾರ ಬೆಳಗ್ಗೆ ಶಾಹೀನ್ ಬೇಗಂ ಎಂಬ ಅಂತಿಮ ವರ್ಷದ ಹುಡುಗಿ ಬಂದಳು. ಅವಳ ಹೆಸರಿನಲ್ಲಿ ಆರು ಪುಸ್ತಕ ಉಳಿದಿವೆ ಎಂದು ಸರ್ವರ್ ಹೇಳಿತು. ಹಾಲ್ ಟಿಕೆಟ್ ನಿಂತಿತು. ಪರೀಕ್ಷೆ ಮಂಗಳವಾರ. ತಾನು ಒಂದನ್ನೂ ಒಯ್ದಿಲ್ಲ ಎಂದು ಅವಳೆಂದರೆ, ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದು ನಾನೇ ಗದರಿದೆ. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ. ಅವಳು ಅಳಲಿಲ್ಲ.

"ಆ ಪುಸ್ತಕ ಯಾರವೋ ಏನೋ, ಅವರಿಗೇ ಇರ್ಲಿ ಮೇಡಂ," ಅಂದಳು. "ನನ್ನ ಹೆಸರು ನನಗ ಕೊಡ್ರಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮೊದಲು ಸರ್ವರನ್ನು ಬೈದೆ. ನಿಲ್ಲಿಸಿ, ಎಬ್ಬಿಸಿ, ಮತ್ತೆ ನಿಲ್ಲಿಸಿದೆ. ಕೊನೆಗೆ ಅನುಮಾನದ ಸಾಲಿಗೆ ಬ್ರೇಕ್‌ಪಾಯಿಂಟ್ ಹಾಕಿದೆ. ಅದೊಂದು ಕೆಂಪು ಚುಕ್ಕಿ. ಸರ್ವರ್ ಓಡುತ್ತಾ ಆ ಸಾಲಿಗೆ ಬಂದೊಡನೆ ಇದ್ದಲ್ಲೇ ನಿಲ್ಲುತ್ತದೆ, ಆಗ ಅದರ ಹೊಟ್ಟೆಯಲ್ಲಿ ಏನಿದೆ ಎಂದು ಇಣುಕಬಹುದು. ಶಾಹೀನಳ ಹೆಸರು ಟೈಪು ಹೊಡೆದು ಇಣುಕಿದೆ. ಎಸ್. ಬೇಗಂ ಎಂದಿತ್ತು. ಸಲ್ಮಾ ಬೇಗಂ ಹೊಡೆದೆ, ಎಸ್. ಬೇಗಂ. ಸಾಬಿರಾ, ಸುಲ್ತಾನಾ, ಎಲ್ಲರೂ ಎಸ್. ಬೇಗಂ. ಸಂಗಮ್ಮ ಪಾಟೀಲ, ಸಿದ್ದಣ್ಣ ಪಾಟೀಲ ಹೊಡೆದೆ. ಇಬ್ಬರೂ ಎಸ್. ಪಾಟೀಲ. ಮನೆತನದ ಹೆಸರನ್ನು ಮೊದಲೇ ಹೇಳುವ ಕುಂಚಾವರಂ ಕಡೆಯ ತೆಲುಗು ಮಕ್ಕಳದು ಮಾತ್ರ ಹೆಚ್ಚುಕಡಿಮೆ ಸರಿಯಿತ್ತು. ದೂರದೇಶದವರು ಬರೆದದ್ದರಲ್ಲಿ ತಪ್ಪಿರಲಿಲ್ಲ. ತಪ್ಪು ನಾನು ನಂಜನಗೂಡಿನಿಂದ ತಂದದ್ದು.

ಪ್ರೋಗ್ರಾಂ ತಿದ್ದಲು ಅರ್ಧ ಗಂಟೆ ಸಾಕು. ಆದರೆ ಆಗಲೇ ಕಲಸಿಹೋದ ತಿಂಗಳುಗಟ್ಟಲೆ ಲೆಕ್ಕವನ್ನು ಬೇರ್ಪಡಿಸುವುದು ಹೇಗೆ? ಕಾಗದದಲ್ಲಿ ಏನೂ ಉಳಿದಿರಲಿಲ್ಲ, ಉಳಿಯದಂತೆ ಮಾಡಿದವಳು ನಾನೇ. ಖಾಜಾಸಾಬರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತರು. ಒಂದೊಂದು ದಾಖಲೆಗೂ ಸರ್ವರನ್ನು ಆ ಕೆಂಪು ಚುಕ್ಕಿಯಲ್ಲಿ ನಿಲ್ಲಿಸಿ ಪುಸ್ತಕದ ಹೆಸರು ಓದಿದೆ. ಅವರು ಕಣ್ಣು ಮುಚ್ಚಿ, ಯಾವ ತಿಂಗಳು ಎಂದು ಕೇಳಿ, ಹೇಳುವರು: "ಇದು ಸಾಬಿರಾ ಒಯ್ದಾಳ್ರಿ. ಭಂಕೂರದ ಕಲ್ಲಿನ ಮೇಸ್ತ್ರಿ ಮಗಳು. ಅವತ್ತು ಆಕಿ ಕೈಗಿ ಪಟ್ಟಿ ಕಟ್ಟಿತ್ತು." ಅವರು ಹೇಳಿದಂತೆ ನಾನು ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ ಕೊಡುತ್ತಾ ಹೋದೆ. ಅವರಿಗೆ ಅನುಮಾನ ಬಂದಲ್ಲಿ ಆ ಹುಡುಗಿಗೇ ಹೇಳಿಕಳಿಸಿದೆವು. ನಡುವೆ ಕರೆಂಟು ಹೋಯಿತು, ಬಂತು. ಮಧ್ಯಾಹ್ನ ಮೂರಾದರೂ ಕಾಲುಭಾಗ ಮುಗಿದಿರಲಿಲ್ಲ.

ಖಾಜಾಸಾಬರಿಗೆ ನನ್ನ ಗಾಡಿಯ ಹೊತ್ತು ಗೊತ್ತಿತ್ತು. "ನೀವು ಹೋಗ್ರಿ ಮೇಡಂ, ಟಂಟಂ ಸಿಗ್ತದ ಈಗ," ಅಂದರು. "ಊರು ಭಾಳ ನೆನಸ್ತೀರಿ ನೀವು. ನಾ ಹ್ಯಾಂಗರ ಮಾಡಿ ಬರಕೋತೀನಿ." ಟಂಟಂ ಅಂದರೆ ವಾಡಿಗೆ ಹೋಗುವ ದೊಡ್ಡ ಆಟೋ. ಅವರಿಗೆ ಸರ್ವರನ್ನು ನಿಲ್ಲಿಸಿ ಇಣುಕುವುದು ಬರುವುದಿಲ್ಲ, ನನಗೆ ಯಾವ ಬೇಗಂ ಯಾರೆಂದು ಗೊತ್ತಿಲ್ಲ. ಒಬ್ಬರೆದ್ದರೆ ಇನ್ನೊಬ್ಬರ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಹೋಗಬೇಕೆಂದು ಎಷ್ಟು ಆಸೆಯಾಯಿತೆಂದರೆ, ಚೀಲ ಹೆಗಲಿಗೇರಿಸಿ ಬಾಗಿಲವರೆಗೂ ನಡೆದೆ. ಹೊರಗೆ ಕಟ್ಟೆಯ ಮೇಲೆ ಶಾಹೀನ್ ಪಠ್ಯಪುಸ್ತಕ ಬಿಡಿಸಿಕೊಂಡು ಓದುತ್ತಾ ಕುಳಿತಿದ್ದಳು. ನಾನು ಹಿಂದಿರುಗಿ ಚೀಲ ಇಳಿಸಿದೆ.

ಭಾನುವಾರ ಸಂಜೆಗೆ ಮುಗಿಯಿತು. ಎಸ್.ಟಿ.ಡಿ. ಬೂತಿನಿಂದ ಅಕ್ಕನಿಗೆ ಫೋನು ಮಾಡಿ ಬರುವುದಿಲ್ಲವೆಂದೆ. "ಬಾಗಿಲಿಗೆ ರಂಗೋಲಿ ಹಾಕಿಬಿಟ್ಟಿದ್ದೆ ಕಣೇ," ಅಂದಳು. ಬೂತಿನಲ್ಲಿ ನಿಂತೇ ಅತ್ತೆ. ಮಂಗಳವಾರ ಶಾಹೀನ್ ಪರೀಕ್ಷೆ ಬರೆದಳು. ನಂಜನಗೂಡಿನ ಕೆಲಸ ಬೇರೆಯವರಿಗೆ ಹೋಯಿತು.

ಆ ವಾರವೇ ಖಾಜಾಸಾಬರು ಹೊಸ ಸಂಖ್ಯೆ ಹಾಕಿ ನನಗೂ ಒಂದು ಗ್ರಂಥಾಲಯದ ಕಾರ್ಡು ಮಾಡಿದರು. ಅಡ್ಡಹೆಸರಿನ ಜಾಗ ಖಾಲಿ ಬಿಡಲು ಅವರ ಮನಸ್ಸು ಒಪ್ಪಲಿಲ್ಲ. ಬೇರೆ ಊರಿಂದ ಬಂದು ನೆಲೆನಿಂತವರಿಗೆ ಇಲ್ಲಿ ಆ ಊರಿನ ಹೆಸರನ್ನೇ ಇಡುವ ರೂಢಿ. ಒಂದು ಬೆರಳಿನಲ್ಲಿ ನಿಧಾನ ಹುಡುಕಿ ಹುಡುಕಿ ಒತ್ತಿದರು: ಸುಮಾ ನಂಜನಗೂಡ. ಕಾಶಮ್ಮನವರಿಗೆ ತೋರಿಸಿದೆ. ಅವರಿಗೆ ಸಮಾಧಾನವಾಯಿತು.

ಮೊನ್ನೆ ದಸರೆಗೆ ನಂಜನಗೂಡಿಗೆ ಹೋದಾಗ ಅಕ್ಕನ ಬೀದಿಯಲ್ಲಿ ಯಾರೋ, ಶಹಾಬಾದಿನ ಸುಮಾ ಬಂದಿದ್ದಾಳೆ ನೋಡಿ ಎಂದು ಒಳಗೆ ಕೂಗಿ ಹೇಳಿದ್ದು ಕೇಳಿಸಿತು. ಕಪಿಲೆಗಿಳಿದು ಮೆಟ್ಟಿಲ ಮೇಲೆ ಕುಳಿತೆ. ಬಹಳ ದಿನ ಬಯಸಿದ್ದ ತಣ್ಣನೆಯ ನೀರು. ಮೊದಲು ನೋಡಿದ್ದು ಕಾಲಡಿಯ ಕಲ್ಲನ್ನು, ನಮ್ಮ ಶಹಾಬಾದಿನ ಕಡೆಯದೋ ಎಂದು.