ಬೋಂಡ, ಬಜ್ಜಿ ಮತ್ತು ನಮ್ಮತ್ತೆಯ ಸೊಪ್ಪಿನ ಮನೆ

"ಏನವ್ವಾ ಇದು, ಹೆಗ್ಗಣಾನ ಬುಟ್ಟೀಲಿ ತುಂಬ್ಕಂಡ್ ಬಂದಿದ್ದೀರಲ್ಲ!"

ಬೇಸಿಗೆ ರಜೆಗೆಂದು ಅಕ್ಕೂರಿಗೆ ಹೋಗಿದ್ದೆವು. ಕಾರಿನಿಂದ ಇನ್ನೂ ಪೂರ್ತಿ ಇಳಿದಿರಲಿಲ್ಲ. ನಮ್ಮತ್ತೆ ಅಂಗಳದಿಂದಲೇ ಕೂಗಿದರು. ಅವರು ನೋಡಿದ್ದು ನನ್ನನ್ನಲ್ಲ, ಅಪರೂಪಕ್ಕೆ ಬಂದ ಮಗನನ್ನೂ ಅಲ್ಲ. ನನ್ನ ಮಗಳು ಪ್ರಣತಿ ಎದೆಗವಚಿಕೊಂಡು ಇಳಿಸುತ್ತಿದ್ದ ಬುಟ್ಟಿಯನ್ನು.

"ಹೆಗ್ಗಣ ಅಲ್ಲ ಅಜ್ಜಿ, ಗಿನಿಪಿಗ್. ಇವಳು ಬೋಂಡ, ಅವಳು ಬಜ್ಜಿ."

"ಬೋಂಡಾನೋ ಬಜ್ಜಿನೋ, ಮೂತಿ ನೋಡಿದ್ರೆ ಇಲಿ ಜಾತಿನೇ ಕಣವ್ವ. ನನ್ನ ಹುಳುಮನೆ ತಾವ್ಕೆ ಮಾತ್ರ ತರ್ಬ್ಯಾಡ."

ಅತ್ತೆಯ ಕೋಪಕ್ಕೆ ಕಾರಣವಿದೆ. ಅವರು ರೇಷ್ಮೆ ಸಾಕುವವರು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಹುಳ, ಸೊಪ್ಪು, ಗೂಡು ಇವೇ ಅವರ ಪ್ರಪಂಚ. ಇಲಿ ಎಂದರೆ ಹುಳುಮನೆಗೆ ನುಗ್ಗಿ ಬೆಳೆದ ಹುಳವನ್ನು ತಿಂದು ಹೋಗುವ ಶತ್ರು. ಅಂಥವರ ಮುಂದೆ ಮೊಮ್ಮಗಳು ಕಂದು ಬಣ್ಣದ, ದುಂಡಗಿನ, ಬಾಲವಿಲ್ಲದ ಎರಡು ಪ್ರಾಣಿಗಳನ್ನು ತಂದಿಟ್ಟು 'ಮುದ್ದು ಮಾಡು' ಎಂದರೆ?

ಇವು ನಮ್ಮ ಮನೆಗೆ ಬಂದಿದ್ದು ಹೇಗೆ ಎಂದು ಮೊದಲು ಹೇಳಿಬಿಡುತ್ತೇನೆ.

ಚನ್ನಪಟ್ಟಣದಲ್ಲಿ ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ. ನಾಲ್ಕನೇ ಕ್ಲಾಸಿನ ಪ್ರಣತಿಗೆ ನಾಯಿ ಬೇಕಿತ್ತು. ಓನರ್ ಒಪ್ಪಲಿಲ್ಲ. ಮೀನು ತರೋಣವೆಂದರೆ ಅವಳು ಒಪ್ಪಲಿಲ್ಲ. ("ಮುಟ್ಟೋಕೇ ಆಗಲ್ವಲ್ಲ ಅಮ್ಮ, ಟೀವಿ ನೋಡ್ದಂಗೆ ನೋಡ್ತಾ ಕೂರಬೇಕು.") ಒಮ್ಮೆ ಗೆಳತಿಯ ಮನೆಯಲ್ಲಿ ಗಿನಿಪಿಗ್ ನೋಡಿ ಬಂದಳು. ಅಲ್ಲಿಂದ ಮನೆಯಲ್ಲಿ ಅದೊಂದೇ ಮಾತು. ನಾವು ನೋಡೋಣ ಎಂದೆವು. ಅಪ್ಪ ಅಮ್ಮಂದಿರ ಭಾಷೆಯಲ್ಲಿ ನೋಡೋಣ ಎಂದರೆ ಏನರ್ಥ ಎಂದು ನಿಮಗೆ ಗೊತ್ತಲ್ಲ?

ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ಸ್ಕೂಲ್ ಲೈಬ್ರರಿಯಲ್ಲಿ ಓದಿದಳು. ಗೆಳತಿಯ ತಾಯಿಯನ್ನು ಕೂರಿಸಿಕೊಂಡು ಕೇಳಿದಳು. ನನ್ನ ಫೋನಿನಲ್ಲಿ ಹುಡುಕಿದಳು. ಆಮೇಲೆ ಊಟದ ಹೊತ್ತಿಗೆ ವರದಿ ಒಪ್ಪಿಸತೊಡಗಿದಳು. ಒಂದೇ ಒಂದನ್ನು ತರಬಾರದು, ಒಂಟಿಯಾದರೆ ಕೊರಗುತ್ತದೆ. ತಂತಿ ನೆಲದ ಪಂಜರ ಬೇಡ, ಕಾಲು ಹುಣ್ಣಾಗುತ್ತದೆ. ಯಾವಾಗಲೂ ಒಣಹುಲ್ಲು ಅಗಿಯುತ್ತಲೇ ಇರಬೇಕು, ಇಲ್ಲದಿದ್ದರೆ ಹಲ್ಲು ಬೆಳೆದುಬಿಡುತ್ತದೆ. ನಮ್ಮ ಹಾಗೇ ಅದಕ್ಕೂ ವಿಟಮಿನ್ ಸಿ ತಿಂದೇ ಸಿಗಬೇಕು, ಅದಕ್ಕೇ ದಿನಾ ದೊಣ್ಣೆ ಮೆಣಸಿನಕಾಯಿ ಬೇಕು. ಸೆಕೆಯನ್ನಂತೂ ತಡೆಯುವುದೇ ಇಲ್ಲ.

"ಎಷ್ಟು ವರ್ಷ ಬದುಕುತ್ತೆ?" ಎಂದು ಕೇಳಿದರು ನಮ್ಮವರು.

"ನಾನು ಹೈಸ್ಕೂಲಿಗೆ ಹೋದ್ರೂ ಇರುತ್ತೆ ಅಪ್ಪ."

"ಅಷ್ಟು ದಿನ ನೋಡ್ಕೋತೀಯಾ? ಬೇಜಾರಾದ್ರೆ?"

"ಬೇಜಾರಾದ್ರೂ ನೋಡ್ಕೋಬೇಕಲ್ವಾ? ಅಮ್ಮಂಗೂ ದಿನಾ ನನ್ನ ಲಂಚ್ ಬಾಕ್ಸ್ ಕಟ್ಟೋಕೆ ಬೇಜಾರಾಗುತ್ತೆ. ಆದ್ರೂ ಕಟ್ಟಲ್ವಾ?"

ಆ ಭಾನುವಾರವೇ ರಾಮನಗರಕ್ಕೆ ಹೊರಟೆವು.

ಅಂಗಡಿಯಲ್ಲಿ ಬಿಳಿ ರೇಷ್ಮೆಯಂಥ ಉದ್ದ ಕೂದಲಿನ ಒಂದು ಗಿನಿಪಿಗ್ ಇತ್ತು. ಗೊಂಬೆಯೇ. ನಾನು ಅದನ್ನು ನೋಡಿ ಕರಗಿಹೋದೆ. ಅಂಗಡಿಯವರೂ, "ಇದನ್ನೇ ತಗೊಳ್ಳಿ ಮೇಡಂ, ಎಲ್ಲರೂ ಇದನ್ನೇ ಕೇಳೋದು" ಎಂದರು. ಪ್ರಣತಿ ಮಾತ್ರ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು. ನೋಡಿದಳು, ನೋಡಿದಳು, ನೋಡುತ್ತಲೇ ಇದ್ದಳು. ಹುಲ್ಲು ಹಾಕಿಸಿದಳು. ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಕೂತಿದ್ದ ಎರಡು ಸಾಧಾರಣ ಕಂದು ಮರಿಗಳು ಓಡಿ ಬಂದು ಮುಗಿಬಿದ್ದು ತಿಂದವು. ಬಿಳಿ ಗೊಂಬೆ ಕೂತಲ್ಲಿಂದ ಕದಲಲಿಲ್ಲ.

"ಈ ಅಕ್ಕ ತಂಗೀರು ಸಾಕು ಅಮ್ಮ" ಎಂದಳು. ಆಮೇಲೆ ಅಂಗಡಿಯವರ ಕಡೆ ತಿರುಗಿ, "ಅಂಕಲ್, ಆ ಬಿಳೀದರ ಕಣ್ಣಲ್ಲಿ ಪಿಸುರು ಕಟ್ಟಿದೆ. ಡಾಕ್ಟರಿಗೆ ತೋರಿಸಿ" ಎಂದಳು.

ಆತ ನಕ್ಕು, "ಹೆಣ್ಣು ನೋಡಕ್ಕೆ ಬಂದವರೂ ಇಷ್ಟು ಪರೀಕ್ಷೆ ಮಾಡಲ್ಲ ಮೇಡಂ" ಎಂದರು. ಆದರೆ ಬಿಳಿ ಮರಿಯನ್ನು ಎತ್ತಿ ಬೇರೆ ಇಟ್ಟರು. ನಾನು ಬಣ್ಣ ನೋಡಿದ್ದೆ, ಅವಳು ಪ್ರಾಣಿಯನ್ನು ನೋಡಿದ್ದಳು. ಆ ಹೊತ್ತಿನಲ್ಲಿ ನನಗೆ ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಾಯಿತು ಎಂದರೆ ನಂಬುತ್ತೀರಾ?

ಆಮೇಲಿನದು ದಿನನಿತ್ಯದ ಕಥೆ. ನಡುಮನೆಯ ಒಂದು ಮೂಲೆ ಬೋಂಡ, ಬಜ್ಜಿಯರ ಪಾಲಾಯಿತು. ಹಳೆಯ ಕಾಟನ್ ಸೀರೆಗಳು ಹಾಸಿಗೆಯಾದವು. ಬೆಳಿಗ್ಗೆ ಸ್ಕೂಲ್ ವ್ಯಾನ್ ಬರುವ ಮೊದಲೇ ಎದ್ದು ಗುಡಿಸುವುದು, ನೀರು ಬದಲಿಸುವುದು, ಹುಲ್ಲು ತುಂಬುವುದು ಎಲ್ಲ ಅವಳದೇ. (ತನ್ನ ಸಾಕ್ಸ್ ಎಲ್ಲಿದೆ ಎಂದು ಇವತ್ತಿಗೂ ನನ್ನನ್ನೇ ಕೇಳುತ್ತಾಳೆ, ಆ ಮಾತು ಬೇರೆ.) ಮೊದಮೊದಲು ಅವು ಹೆದರಿ ಪೆಟ್ಟಿಗೆಯಿಂದ ಈಚೆಗೇ ಬರುತ್ತಿರಲಿಲ್ಲ. ಅವಳು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಅಂಗೈಯಲ್ಲಿ ಕೊತ್ತಂಬರಿ ಸೊಪ್ಪು ಇಟ್ಟುಕೊಂಡು ಸುಮ್ಮನೆ ಕಾಯುತ್ತಿದ್ದಳು. ಎಳೆಯಲಿಲ್ಲ, ಹಿಡಿಯಲಿಲ್ಲ. ಕೊನೆಗೆ ಬೋಂಡ ತಾನಾಗಿಯೇ ಬಂದು ಕೈ ಮೂಸಿತು. ಈಗಂತೂ ಫ್ರಿಜ್ ಬಾಗಿಲು ತೆಗೆದರೆ ಸಾಕು, 'ವೀಕ್ ವೀಕ್' ಎಂದು ಇಡೀ ಮನೆ ಎದ್ದುಹೋಗುವ ಹಾಗೆ ಕೂಗು.

ಇಂಥವುಗಳನ್ನು ಬಿಟ್ಟು ರಜೆಗೆ ಹೋಗುವುದುಂಟೇ? ಹೀಗಾಗಿ ಬುಟ್ಟಿಯೂ ನಮ್ಮೊಂದಿಗೆ ಅಕ್ಕೂರಿಗೆ ಬಂತು.

ಅಜ್ಜಿ ಮೊಮ್ಮಗಳ ನಡುವೆ ಒಂದು ಒಪ್ಪಂದವಾಯಿತು. ರಾತ್ರಿ ಜಗಲಿಯ ಮೇಲೆ, ಹಗಲು ಹೊಂಗೆಮರದ ಕೆಳಗೆ. ಕೊಟ್ಟಿಗೆ ಪಕ್ಕದ ತಗಡಿನ ಶೀಟಿನ ಕೆಳಗಿಡು ಎಂದು ಅತ್ತೆ ಹೇಳಿದಾಗ ಪ್ರಣತಿ ಒಪ್ಪಿರಲಿಲ್ಲ. "ಶೀಟ್ ಕಾಯುತ್ತೆ ಅಜ್ಜಿ, ಅವಕ್ಕೆ ಆಗಲ್ಲ" ಎಂದಿದ್ದಳು.

ಒಂದು ಮಧ್ಯಾಹ್ನ ನಾವೆಲ್ಲ ಒಳಗೆ ಊಟಕ್ಕೆ ಕೂತಿದ್ದೆವು. ಕರೆಂಟ್ ಇರಲಿಲ್ಲ, ಬಿಸಿಲು ಕಣ್ಣು ಬಿಡಲಾಗದಷ್ಟಿತ್ತು. ಪ್ರಣತಿ ಎಲ್ಲರಿಗಿಂತ ಮೊದಲು ತಿಂದು, ಕೊತ್ತಂಬರಿ ಕಟ್ಟು ಹಿಡಿದು ಆಚೆ ಹೋದಳು. ಹೋದವಳು ಅಲ್ಲಿಂದಲೇ ಚೀರಿದಳು.

"ಅಮ್ಮಾ, ಬುಟ್ಟಿ ಇಲ್ಲ!"

ನಾವು ಎದ್ದು ಓಡಿದೆವು. ಅತ್ತೆ ಹಿಂದಿನಿಂದ, "ಬೀದಿನಾಯಿ ಮೂಸ್ತಾ ನಿಂತಿತ್ತು ಕಣವ್ವ, ಅದ್ಕೇ ನಾನೇ ತಂದು ಶೀಟ್ ಕೆಳ್ಗೆ ಇಟ್ಟೆ" ಎಂದರು. ಹೆಗ್ಗಣ ಎಂದು ಬೈದವರೇ ನಾಯಿಯಿಂದ ಕಾಪಾಡಿದ್ದರು. ಆದರೆ ಶೀಟು ಹೆಂಚಿನ ಹಾಗೆ ಕಾದಿತ್ತು.

ಬಜ್ಜಿ ನೀರಿನ ಬಟ್ಟಲಿನ ಪಕ್ಕ ಮುದುಡಿತ್ತು. ಬೋಂಡ ಮಾತ್ರ ಅಡ್ಡಡ್ಡ ಮಲಗಿಬಿಟ್ಟಿತ್ತು. ಬಾಯಲ್ಲಿ ಜೊಲ್ಲು. ಪಕ್ಕೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಕೊತ್ತಂಬರಿ ಮೂತಿಗೆ ಹಿಡಿದರೂ ಕೂಗಿಲ್ಲ, ಅಲುಗಾಟವಿಲ್ಲ.

"ಹುಳ ಜ್ವರಕ್ಕೆ ಕೂತಂಗೆ ಕೂತದೆ. ಒಸಿ ಹೊತ್ತು ಬುಡು, ಎದ್ದೇಳ್ತದೆ" ಎಂದರು ಅತ್ತೆ. (ರೇಷ್ಮೆ ಹುಳ ಪೊರೆ ಬಿಡುವ ಮೊದಲು ತಿನ್ನುವುದು ನಿಲ್ಲಿಸಿ ಸುಮ್ಮನಾಗುವುದಕ್ಕೆ ಅವರ ಮಾತಿನಲ್ಲಿ ಜ್ವರ ಎನ್ನುತ್ತಾರೆ.)

"ಇಲ್ಲ ಅಜ್ಜಿ, ಇದು ಹುಳ ಅಲ್ಲ. ಹೀಟ್ ಸ್ಟ್ರೋಕ್. ಬಿಟ್ರೆ ಸತ್ತುಹೋಗುತ್ತೆ."

ಅವಳ ಮಾತು ತಡವರಿಸಲಿಲ್ಲ. ನಮ್ಮವರು ಗಾಬರಿಯಲ್ಲಿ ಬೋಂಡವನ್ನು ಎತ್ತಿ ನೀರಿನ ಬಕೆಟ್ ಕಡೆ ಓಡಿದರು. ಅವಳು ಅಡ್ಡ ನಿಂತಳು. "ಮುಳುಗಿಸಬೇಡಿ ಅಪ್ಪ! ಒಂದೇ ಸಲ ತಣ್ಣೀರಿಗೆ ಹಾಕಿದ್ರೆ ಶಾಕ್ ಆಗುತ್ತೆ. ಒದ್ದೆ ಬಟ್ಟೆ ಬೇಕು, ತಂಪು ಜಾಗ ಬೇಕು. ಎಲ್ಲಿದೆ? ಬೇಗ ಹೇಳಿ!"

ತಂಪು ಜಾಗ! ಕರೆಂಟಿಲ್ಲದ ಆ ಮಧ್ಯಾಹ್ನ ಊರಿಗೆ ಊರೇ ಬಾಣಲೆಯಾಗಿತ್ತು. ಇಡೀ ಮನೆಯಲ್ಲಿ ತಂಪಾಗಿದ್ದುದು ಒಂದೇ ಕೋಣೆ. ಕೊಯ್ದ ಹಿಪ್ಪುನೇರಳೆ ಸೊಪ್ಪು ಬಾಡದಂತೆ ಒದ್ದೆ ಗೋಣಿತಾಟು ಕಟ್ಟಿ, ಕತ್ತಲು ಮಾಡಿ ಇಟ್ಟುಕೊಳ್ಳುವ ಸೊಪ್ಪಿನ ಮನೆ. ಅಲ್ಲಿಗೆ ಚಪ್ಪಲಿ ಕಾಲಲ್ಲಿ ನನಗೂ ಪ್ರವೇಶವಿಲ್ಲ. ಇಲಿ ಸುಳಿದಾಡಿದ ಗುಮಾನಿ ಬಂದರೆ ಸೊಪ್ಪನ್ನೇ ಎಸೆಯುತ್ತಾರೆ ನಮ್ಮತ್ತೆ. ಅದೂ ಹುಳ ಕೊನೆಯ ಜ್ವರದಿಂದ ಎದ್ದು ಹಸಿದು ಸೊಪ್ಪು ಮೇಯುವ ದಿನಗಳು. ಒಂದು ಹೆಚ್ಚುಕಮ್ಮಿಯಾದರೆ ಇಡೀ ಬೆಳೆ ಹೋಯಿತು.

ಯಾರೂ ಅದರ ಹೆಸರೆತ್ತಲಿಲ್ಲ. ಪ್ರಣತಿ ಆ ಬಾಗಿಲ ಕಡೆ ನೋಡಿದಳು. ಆಮೇಲೆ ಅಜ್ಜಿಯನ್ನು ನೋಡಿದಳು. ಕೇಳಲಿಲ್ಲ. ಅಜ್ಜಿಯ ಹುಳವೂ ಜೀವವೇ ಎಂದು ಅವಳಿಗೆ ಗೊತ್ತಿತ್ತೋ ಏನೋ. "ಗೋಣಿ ಒಂದು ಕೊಡ್ತೀಯಾ ಅಜ್ಜಿ? ಮರದ ಕೆಳಗೆ ನೆನೆಸಿ ಕಟ್ತೀನಿ" ಎಂದಳು.

ಅತ್ತೆ ಸೀದಾ ಹೋಗಿ ಸೊಪ್ಪಿನ ಮನೆಯ ಬಾಗಿಲು ತಳ್ಳಿದರು.

"ಸೊಪ್ಪನ್ನೆಲ್ಲಾ ಪಡಸಾಲೆಗೆ ಹೊತ್ತಾಕ್ಲಾ" ಎಂದು ಮಗನಿಗೆ ಹೇಳಿದರು. "ನೀನೂ ಬಾ" ಎಂದು ನನಗೆ. "ಪುಟ್ಟವ್ವ, ನೀನು ಕೂಸನ್ನ ಒಳಕ್ಕೆ ತಗಬಾ."

ಕೂಸು! ಗಮನಿಸಿದಿರಾ?

ನಾವಿಬ್ಬರೂ ಸೊಪ್ಪು ಹೊತ್ತೆವು. ಅಜ್ಜಿ ಗೋಣಿ ನೆನೆಸಿದರು. ಪ್ರಣತಿ ನೆಲದ ಮೇಲೆ ಕೂತು ಒದ್ದೆ ಬಟ್ಟೆಯಿಂದ ಬೋಂಡದ ಕಿವಿ, ಅಂಗಾಲು ಒರೆಸಿದಳು. ಬಾಯಂಚಿಗೆ ನೀರು ತಾಗಿಸಿದಳು. ಬಲವಂತವಾಗಿ ಕುಡಿಸಲಿಲ್ಲ. ಬಜ್ಜಿಯನ್ನೂ ಪಕ್ಕದಲ್ಲೇ ಬಿಟ್ಟಳು. "ತಂಗಿ ಇದ್ರೆ ಧೈರ್ಯ ಬರುತ್ತೆ" ಎಂದಳು. ನಮ್ಮವರು ದನಗಳಿಗೆ ಬರುವ ಡಾಕ್ಟರಿಗೆ ಫೋನ್ ಮಾಡಿದರು. ಅವರು ಯಾವುದೋ ಹಸುವಿನ ಹೆರಿಗೆಯಲ್ಲಿದ್ದರು. ಫೋನು ಮಗಳ ಕೈಗೆ ಹೋಯಿತು. ಉಸಿರಾಟ ಹೇಗಿದೆ, ಕಣ್ಣು ತೆರೆದಿದೆಯಾ, ಏನೇನು ಮಾಡಿದ್ದೀಯ ಎಂದು ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಕೊನೆಗೆ ಡಾಕ್ಟರ್ ಸ್ಪೀಕರಿನಲ್ಲಿ ನಮಗೆಲ್ಲ ಕೇಳುವಂತೆ ಹೇಳಿದರು: "ಎಲ್ಲಾ ಸರಿಯಾಗೇ ಮಾಡಿದ್ದೀಯಮ್ಮ. ನಾನಿದ್ರೂ ಮೊದಲು ಇದನ್ನೇ ಮಾಡ್ತಿದ್ದೆ. ಈ ಕೆಲಸ ಮುಗಿಸಿ ಬಂದು ನೋಡ್ತೀನಿ."

ಆಮೇಲೆ ಕಾಯುವುದೊಂದೇ ಉಳಿದಿದ್ದು. ಆ ಕತ್ತಲೆ ಕೋಣೆಯಲ್ಲಿ ಮೂರು ತಲೆಮಾರಿನ ಹೆಂಗಸರು ಒಂದು ಪುಟ್ಟ ಪ್ರಾಣಿಯ ಪಕ್ಕೆಯನ್ನೇ ನೋಡುತ್ತ ಕೂತಿದ್ದೆವು. ಮೆಲ್ಲಗೆ ಏದುಸಿರು ಇಳಿಯಿತು. ಕಾಲು ಒಳಗೆಳೆದುಕೊಂಡಿತು. ಇನ್ನಷ್ಟು ಹೊತ್ತಿಗೆ ತಲೆ ಎತ್ತಿತು. ಅತ್ತೆ ಒಂದು ಎಳೆಯ ಹಿಪ್ಪುನೇರಳೆ ಎಲೆ ತಂದರು.

"ಔಷಧಿ ಹೊಡೆದಿಲ್ಲ ತಾನೇ ಅಜ್ಜಿ?"

"ಹುಳ ತಿನ್ನೋ ಸೊಪ್ಪಿಗೆ ಔಷ್ದಿ ಹೊಡೆದ್ರೆ ಹುಳ ಉಳಿದಾವ? ಕೊಡು ಕೊಡು."

ಬೋಂಡ ಮೂಸಿತು. ಒಂದು ತುದಿ ಕಚ್ಚಿತು. ಆಮೇಲೆ ಎಲೆ ಪೂರ್ತಿ ಒಳಗೆ ಹೋಯಿತು. ಅಲ್ಲಿಯವರೆಗೂ ಗಟ್ಟಿಯಾಗಿದ್ದ ನನ್ನ ಮಗಳು ಆಗ ಅಜ್ಜಿಯ ಮಡಿಲಿಗೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. "ನಾನು ಗೊತ್ತಾಗದೆ ಇಟ್ಬುಟ್ಟೆ ಕಣವ್ವ" ಎಂದು ಅತ್ತೆಯೂ ಕಣ್ಣೊರೆಸಿಕೊಂಡರು. "ನಾಯಿ ಕಚ್ಚುತ್ತೆ ಅಂತ ಭಯ ಆಯ್ತಲ್ವಾ ಅಜ್ಜಿ, ಅದಕ್ಕೇ ತಾನೇ ಅಲ್ಲಿಟ್ಟಿದ್ದು" ಎಂದು ಇವಳೇ ಸಮಾಧಾನ ಹೇಳಿದಳು. ನಾನು ಬಾಗಿಲ ಹತ್ತಿರ ನಿಂತು ಹೊರಗೆ ನೋಡುವ ನಾಟಕವಾಡಿದೆ.

ಡಾಕ್ಟರ್ ಬಂದಾಗ ಸಂಜೆಯಾಗಿತ್ತು. ನೋಡಿದರು, ಅಪಾಯವಿಲ್ಲ ಎಂದರು. ಹೋಗುವಾಗ ಮಗಳಿಗೆ ಶೇಕ್‌ಹ್ಯಾಂಡ್ ಕೊಟ್ಟರು. ಸೊಪ್ಪಿನ ಮನೆಯನ್ನು ತೊಳೆದು, ಸುಣ್ಣ ಹಾಕಿ, ಅತ್ತೆಯ ಮನಸ್ಸಿಗೆ ಒಪ್ಪುವವರೆಗೂ ಚೊಕ್ಕ ಮಾಡಿದವಳೂ ಇವಳೇ, ಅಪ್ಪನನ್ನು ಜೊತೆಗಿಟ್ಟುಕೊಂಡು. ಹುಳಕ್ಕೇನೂ ಆಗಲಿಲ್ಲ. ಗೂಡು ಚೆನ್ನಾಗಿ ಬಂತು.

ಡಾಕ್ಟರ್ ಬಂದು ಹೋದ ಮಾರನೆಯ ದಿನವೇ ಅತ್ತೆ ಕೋಡಿಹಳ್ಳಿಯಲ್ಲಿರುವ ತಂಗಿಗೆ ಫೋನ್ ಮಾಡಿದ್ದು ನನ್ನ ಕಿವಿಗೆ ಬಿತ್ತು. "ಡಾಕ್ಟ್ರೇ ಕೈ ಕುಲುಕಿ ಹೋದ್ರು ಕಣೆ. ಜೀವ ಸಾಕೋದು ನಮ್ಮ ವಂಶದಲ್ಲೇ ಐತೆ. ನಾನು ಹುಳ ಸಾಕ್ತೀನಿ, ಅವಳು ಅದೇನೋ ಪಿಗ್ಗು ಸಾಕ್ತಾಳೆ." ವಂಶ ಯಾವುದಾದರೂ ಆಗಲಿ, ಒಂಬತ್ತು ತಿಂಗಳು ಹೊತ್ತವಳು ನಾನು ಎಂದು ಕೂಗಿ ಹೇಳಬೇಕೆನಿಸಿತು.

ನಮ್ಮ ಮಕ್ಕಳ ಬಗ್ಗೆ ನಾವು ಯಾವುದಕ್ಕೆ ಹೆಮ್ಮೆ ಪಡುತ್ತೇವೆ, ಹೇಳಿ? ಮಾರ್ಕ್ಸಿಗೆ, ಮೆಡಲಿಗೆ, ಸ್ಟೇಜ್ ಮೇಲಿನ ಡ್ಯಾನ್ಸಿಗೆ. ಅವೆಲ್ಲ ಫೋಟೋಗೆ ಸಿಗುತ್ತವೆ, ಸ್ಟೇಟಸ್ಸಿಗೆ ಹಾಕಬಹುದು. ನೆಲಕ್ಕೆ ಹೊಟ್ಟೆ ಹಚ್ಚಿ ಒಂದು ಪ್ರಾಣಿಯ ನಂಬಿಕೆಗಾಗಿ ಕಾದದ್ದನ್ನು ಯಾವ ಸ್ಟೇಟಸ್ಸಿಗೆ ಹಾಕುವುದು? ತನಗೆ ತುಂಬಾ ಬೇಕಾದದ್ದನ್ನೂ, ಇನ್ನೊಬ್ಬರ ಜೀವನದ ಪ್ರಶ್ನೆಯೆಂದು ಕೇಳದೆ ನುಂಗಿಕೊಂಡದ್ದಕ್ಕೆ ಯಾವ ಸ್ಕೂಲು ಮಾರ್ಕ್ಸ್ ಕೊಡುತ್ತದೆ?

ಮೊನ್ನೆ ನಮ್ಮ ಕೆಳಗಿನ ಮನೆಯಾಕೆ ಬಂದಿದ್ದರು. ತಮ್ಮ ಮಗನ ಬರ್ತ್‌ಡೇಗೆ ಗಿನಿಪಿಗ್ ಗಿಫ್ಟ್ ಕೊಡಬೇಕಂತೆ. ಸರ್‌ಪ್ರೈಸ್ ಅಂತೆ. ಯಾವ ಬಣ್ಣ ಚೆನ್ನಾಗಿರುತ್ತದೆ ಎಂದು ಪ್ರಣತಿಯನ್ನು ಕೇಳಿದರು. ಬಜ್ಜಿಯ ಉಗುರು ನೋಡುತ್ತಿದ್ದ ಅವಳು ತಲೆ ಎತ್ತಿದಳು.

"ಬರ್ತ್‌ಡೇ ಮುಗಿದ ಮಾರನೇ ದಿನ ಬೆಳಿಗ್ಗೆ ಅದಕ್ಕೆ ಹುಲ್ಲು ಹಾಕೋರು ಯಾರು ಆಂಟಿ?"