ಬೆಲ್ಲ, ನೀರು, ಆಮೇಲೆ ಬ್ಯಾಟು

ಮೂಡುಬಿದಿರೆಯ ಮೈದಾನದಲ್ಲಿ ಇವತ್ತು ಮಗಳು ನಿಧಾನದ ಚೆಂಡಿಗೆ ಅವಸರದಿಂದ ಬ್ಯಾಟು ಬೀಸಿ ಔಟಾದಳು. ನನಗೆ ಚಿಕ್ಕಂದಿನಲ್ಲಿ ನಾನು ಆಡುತ್ತಿದ್ದ ವೇಣೂರಿನ ಕೊಯ್ಲಾದ ಗದ್ದೆ ನೆನಪಾಯಿತು.

ಊರಿನ ಬ್ಯಾಟ್ಸ್‌ಮನ್‌ಗಳೆಲ್ಲ ಹೆದರುತ್ತಿದ್ದ ನನ್ನ ಶೇಖರಮಾವ ಬಿರುಸಾಗಿ ಓಡಿಬಂದು ಚೆಂಡನ್ನು ಮಾತ್ರ ಮೆಲ್ಲನೆ ಬಿಡುತ್ತಿದ್ದರು. ಅದು ತಲುಪುವ ಮೊದಲೇ ನಾನು ತೆಂಗಿನ ಕೊತ್ತಳಿಗೆಯ ಬ್ಯಾಟು ಬೀಸಿಯಾಗಿರುತ್ತಿತ್ತು.

“ನೆಂಟರು ಅಂಗಳಕ್ಕೆ ಬಂದ ಕೂಡ್ಲೆ ಓಡಿಸ್ತೇವಾ ಮಾರಾಯ್ತಿ?” ಎಂದರು ಮಾವ ಒಂದು ದಿನ. “ಚೆಂಡೂ ಹಾಗೇ. ಬೆಲ್ಲ ನೀರು ಕೊಡ್ಲಿಕ್ಕೆ ಉಂಟಲ್ಲ? ಮನಸ್ಸಲ್ಲೇ ‘ಬೆಲ್ಲ, ನೀರು’ ಅಂತ ಹೇಳು. ಮತ್ತೆ ಹೊಡಿ.”

ಹಾಗೇ ಹೇಳಿಕೊಂಡು ಹೊಡೆದೆ. ಚೆಂಡು ಮಾವನ ತಲೆಯ ಮೇಲಿಂದ ಹಾರಿ ತೋಡಿನ ನೀರಿಗೆ ಬಿತ್ತು. ಅವರೇ ಮುಂಡು ಎತ್ತಿ ಕಟ್ಟಿ, ನಗುತ್ತಾ ತೋಡಿಗಿಳಿದರು.

ಸಂಜೆ ಮಾವನಿಗೆ ಫೋನ್ ಮಾಡಿ ಮಗಳು ಔಟಾದ ಸಂಗತಿ ಹೇಳಿದೆ.

“ಆದಿತ್ಯವಾರ ಕರ್ಕೊಂಡು ಬಾ,” ಎಂದರು. “ಬೆಲ್ಲ ಉಂಟು.”